ಆರು ಚದರಡಿಯ ಯಜಮಾನ

ಬ್ಲಾಗಿಗೆ ಧೂಳು ಹಿಡಿದು ತಿಂಗಳುಗಳೇ ಆದವು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಶುದ್ಧ ಸೋಮಾರಿತನ. ಇವತ್ತು ಹೊರಗೆ ಮೊಣಕಾಲುದ್ದ ಹಿಮ, ಎಲ್ಲೂ ಹೋಗೋ ಹಾಗಿಲ್ಲ. ಸಾಲದ್ದಕ್ಕೆ ನಿನ್ನೆ ರಾತ್ರಿ ಗುಂಡ ಮತ್ತೊಂದು ಲಿಂಕ್ ಕಳಿಸಿದ್ದಾನೆ. "ಮಗಾ, ಈ ಸಲ ದುಬೈ. ಸರ್ಕಾರವೇ ಮಾಡ್ತಿದೆ ಕಣೋ. ಏನಂತೀಯ?" ಅಂತ.

ಏನಂತೀನಿ ಅಂತ ಅವನಿಗೆ ಎರಡು ಸಾಲಲ್ಲಿ ಹೇಳೋಕಾಗಲಿಲ್ಲ. ಅದಕ್ಕೇ ಇಲ್ಲಿ ಬರೀತಾ ಇದೀನಿ. ಸ್ವಲ್ಪ ಉದ್ದ ಆಗಬಹುದು, ಕಾಫಿ ಇಟ್ಕೊಂಡು ಕೂತ್ಕೊಳ್ಳಿ :)

ಗುಂಡ ನನ್ನ ಇಂಜಿನಿಯರಿಂಗ್ ಹಾಸ್ಟೆಲ್ಲಿನ ರೂಮ್‌ಮೇಟ್. ನಿಜವಾದ ಹೆಸರು ಬೇಡ ಬಿಡಿ. ಈಗ ಜರ್ಮನಿಯಲ್ಲಿದ್ದಾನೆ. ನಾನಿರೋದು ಅಮೆರಿಕದ ಮಿಶಿಗನ್ನಿನಲ್ಲಿ, ಡೆಟ್ರಾಯಿಟ್ ನಗರದಿಂದ ಸುಮಾರು ಇಪ್ಪತ್ತು ಮೈಲಿ ದೂರದ ಒಂದು ಊರಲ್ಲಿ. ಕಾರಿನೊಳಗೆ ಕೂರೋ ಸಾಫ್ಟ್‌ವೇರ್ ಬರೆಯೋ ಕೆಲಸ.

2025ರ ಮಾರ್ಚ್‌ನಲ್ಲಿ ಒಂದು ಭಾನುವಾರ ಅವನ ಫೋನು.

"ಲೋ, ನಾನು ನಿಮ್ಮೂರಲ್ಲಿ ಮನೆ ತಗೊಂಡೆ ಕಣೋ!"

ನನಗೆ ಎದೆ ಧಸಕ್ಕಂತು. ನಾನಿನ್ನೂ ಎರಡು ರೂಮಿನ ಅಪಾರ್ಟ್‌ಮೆಂಟಿಗೆ ಬಾಡಿಗೆ ಕಟ್ತಾ ಇದೀನಿ. ಇವನು ಅಲ್ಲಿಂದ ಇಲ್ಲಿಗೆ ಬಂದು ಮನೆ ತಗೊಂಡನಾ? ಆಮೇಲೆ ಬಿಡಿಸಿ ಹೇಳಿದ. ಡೆಟ್ರಾಯಿಟ್‌ನ ಒಂದು ಹಳೇ ಮನೆಯ ಹನ್ನೆರಡು ಟೋಕನ್ ಕೊಂಡಿದ್ದಾನಂತೆ. ಒಂದಕ್ಕೆ 50 ಡಾಲರ್, ಒಟ್ಟು 600. ಮನೆಯ ಬೆಲೆ 85 ಸಾವಿರ ಡಾಲರ್, ಅದನ್ನ 1,700 ಟೋಕನ್ ಮಾಡಿ ಮಾರಿದ್ದಾರೆ. ಬಾಡಿಗೆಯಲ್ಲಿ ಅವನ ಪಾಲು ವಾರವಾರ ಅವನ ವ್ಯಾಲೆಟ್‌ಗೆ ಬಂದು ಬೀಳುತ್ತೆ, ಡಾಲರಿಗೆ ಸಮನಾದ ಸ್ಟೇಬಲ್‌ಕಾಯಿನ್ ರೂಪದಲ್ಲಿ.

ನಾನು ಅಲ್ಲೇ ಕ್ಯಾಲ್ಕುಲೇಟರ್ ತೆಗೆದೆ. ಮನೆ 900 ಚದರಡಿ. ಹನ್ನೆರಡನ್ನ 1,700ರಿಂದ ಭಾಗಿಸಿದರೆ ನೂರಕ್ಕೆ 0.7. ಅಂದ್ರೆ ಆರೂಕಾಲು ಚದರಡಿ.

"ಗುಂಡಾ, ನಿನಗೆ ಬಂದಿರೋದು ಬಚ್ಚಲುಮನೆ ಮೂಲೆ ಕಣೋ" ಅಂದೆ.

"ಮೂಲೆಯಾದ್ರೇನು, ಯಜಮಾನ ಯಜಮಾನನೇ. ಒಂದ್ಸಲ ಹೋಗಿ ನೋಡ್ಕೊಂಡು ಬಾರೋ. ನನ್ನ ಮನೆ ಹೇಗಿದೆ ಅಂತ ಒಂದು ಫೋಟೋ ಕಳ್ಸು."

ಇಲ್ಲೊಂದು ತಮಾಷೆ ಇದೆ. ಇಪ್ಪತ್ತು ಮೈಲಿ ದೂರದಲ್ಲಿರೋ ನಾನು ಆ ಟೋಕನ್ ಕೊಳ್ಳೋ ಹಾಗಿಲ್ಲ! ಅಮೆರಿಕದಲ್ಲಿ ಇಂಥ ಟೋಕನ್‌ಗಳನ್ನ ಸೆಕ್ಯುರಿಟಿ ಅಂತಲೇ ನೋಡ್ತಾರೆ. ಸಾಮಾನ್ಯವಾಗಿ ಇವನ್ನ ಮಾರೋ ನಿಯಮದ ಪ್ರಕಾರ ಇಲ್ಲಿರೋವ್ರು ಕೊಳ್ಳಬೇಕಾದರೆ 'ಅಕ್ರೆಡಿಟೆಡ್ ಇನ್ವೆಸ್ಟರ್' ಆಗಿರಬೇಕು: ವರ್ಷಕ್ಕೆ 2 ಲಕ್ಷ ಡಾಲರಿಗಿಂತ ಹೆಚ್ಚು ಆದಾಯ, ಇಲ್ಲವೇ ವಾಸದ ಮನೆ ಬಿಟ್ಟು 10 ಲಕ್ಷ ಡಾಲರಿಗಿಂತ ಹೆಚ್ಚು ಆಸ್ತಿ. ನನಗೆ ಎರಡೂ ಇಲ್ಲ. ಅಮೆರಿಕದ ಹೊರಗಿರೋವ್ರಿಗೆ ಬೇರೆ ನಿಯಮ. ಹಾಗಾಗಿ ಮನೆ ನೋಡಬಲ್ಲವನು ಕೊಳ್ಳೋ ಹಾಗಿಲ್ಲ, ಕೊಳ್ಳಬಲ್ಲವನು ನೋಡೋ ಹಾಗಿಲ್ಲ. ಆಗ ಇದು ಬರೀ ತಮಾಷೆ ಅನ್ನಿಸಿತ್ತು.

ಈ ಟೋಕನ್ ಅಂದ್ರೆ ನಿಜಕ್ಕೂ ಏನು ಅಂತ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಮನೆಯನ್ನ ತುಂಡು ಮಾಡಿ ಬ್ಲಾಕ್‌ಚೈನ್ ಮೇಲೆ ಇಡೋಕಾಗಲ್ಲ. ಅದಕ್ಕೇ ಒಂದೊಂದು ಮನೆಗೂ ಒಂದೊಂದು ಪುಟ್ಟ ಕಂಪನಿ ಹುಟ್ಟಿಸ್ತಾರೆ, ಇಲ್ಲಿ ಅದಕ್ಕೆ ಎಲ್‌ಎಲ್‌ಸಿ ಅಂತಾರೆ. ಕೌಂಟಿ ಕಚೇರಿಯ ದಾಖಲೆಯಲ್ಲಿ ಮನೆ ಇರೋದು ಆ ಕಂಪನಿಯ ಹೆಸರಲ್ಲಿ. ಟೋಕನ್ ಅಂದ್ರೆ ಆ ಕಂಪನಿಯಲ್ಲಿನ ಪಾಲು. ಇಥೀರಿಯಂ ಥರದ ಚೈನ್ ಮೇಲೆ ಯಾವ ವಿಳಾಸದ ಹತ್ತಿರ ಎಷ್ಟು ಟೋಕನ್ ಇದೆ ಅಂತ ಬರೆದಿರುತ್ತೆ, ಅಷ್ಟೇ. ಅಂದ್ರೆ ಗುಂಡನ ಹೆಸರು ಡೆಟ್ರಾಯಿಟ್‌ನ ಯಾವ ನೋಂದಣಿ ಪುಸ್ತಕದಲ್ಲೂ ಇಲ್ಲ. ಅವನು ಮನೆಯ ಯಜಮಾನ ಅಲ್ಲ, ಮನೆಯ ಯಜಮಾನನ ಆರು ಚದರಡಿಯ ಯಜಮಾನ!

ಇದರಲ್ಲಿ ಮೋಸ ಏನಿಲ್ಲ, ಎಲ್ಲ ಅವರ ಕಾಗದದಲ್ಲೇ ಬರೆದಿರುತ್ತೆ. ಓದೋವ್ರು ಯಾರು ಅನ್ನೋದು ಬೇರೆ ಮಾತು.

ಏಪ್ರಿಲ್‌ನ ಒಂದು ಶನಿವಾರ ಹೋದೆ.

ಡೆಟ್ರಾಯಿಟ್ ಬಗ್ಗೆ ನೀವು ಕೇಳಿರಬಹುದು. ಫೋರ್ಡ್, ಜನರಲ್ ಮೋಟರ್ಸ್ ಕಾಲದಲ್ಲಿ, ಅಂದ್ರೆ 1950ರಲ್ಲಿ, ಆ ನಗರದಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ಇದ್ದರು. 2020ರ ಜನಗಣತಿ ಹೊತ್ತಿಗೆ ಆರು ಲಕ್ಷ ನಲವತ್ತು ಸಾವಿರದ ಆಸುಪಾಸು. 2013ರಲ್ಲಿ ನಗರವೇ ದಿವಾಳಿ ಅರ್ಜಿ ಹಾಕಿತ್ತು. ಮೂರು ವರ್ಷ ತೆರಿಗೆ ಕಟ್ಟದ ಮನೆಗಳನ್ನ ಕೌಂಟಿ ಮುಟ್ಟುಗೋಲು ಹಾಕಿಕೊಂಡು ಹರಾಜು ಹಾಕುತ್ತೆ. ಹಾಗೆ ಸಾವಿರಾರು ಮನೆಗಳು ಕವಡೆ ಕಾಸಿಗೆ ಮಾರಿಹೋದವು. ಟೋಕನ್ ಕಂಪನಿಗಳಿಗೆ ಡೆಟ್ರಾಯಿಟ್ ಯಾಕೆ ಇಷ್ಟ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಮನೆ ಅಗ್ಗ, ಬಾಡಿಗೆ ಅಷ್ಟು ಅಗ್ಗ ಅಲ್ಲ. ಕಾಗದದ ಮೇಲೆ ಲೆಕ್ಕ ಬಹಳ ಚೆನ್ನಾಗಿ ಕಾಣುತ್ತೆ. ಗುಂಡನ ಮನೆಯದ್ದೇ ನೋಡಿ. ತಿಂಗಳಿಗೆ 1,100 ಡಾಲರ್ ಬಾಡಿಗೆ, ವರ್ಷಕ್ಕೆ 13,200. ತೆರಿಗೆ, ವಿಮೆ, ಮನೆ ನೋಡಿಕೊಳ್ಳೋ ಏಜೆನ್ಸಿಯ ಫೀಸು ಎಲ್ಲ ಕಳೆದು ಉಳಿಯೋದು 8,500. ನೂರಕ್ಕೆ ಹತ್ತು! ಬ್ಯಾಂಕಲ್ಲಿ ಎಲ್ಲಿ ಸಿಗುತ್ತೆ? ಗುಂಡನಿಗೆ ವರ್ಷಕ್ಕೆ 60 ಡಾಲರ್, ಅಂದ್ರೆ ವಾರಕ್ಕೆ ಒಂದು ಡಾಲರ್ ಚಿಲ್ಲರೆ.

ಬೀದಿ ಕೆಟ್ಟದಾಗೇನೂ ಇರಲಿಲ್ಲ. ಎರಡು ಮನೆ ಆದಮೇಲೆ ಒಂದು ಖಾಲಿ ಜಾಗ, ಮತ್ತೆ ಎರಡು ಮನೆ. ಗುಂಡನ ಮನೆ ಇಟ್ಟಿಗೆಯದ್ದು, ಮುಂದೆ ಚಿಕ್ಕ ಜಗಲಿ. ವೆಬ್‌ಸೈಟಿನ ಫೋಟೋದಲ್ಲಿ ಇದ್ದ ಹಾಗೇ ಇತ್ತು, ಒಂದು ವ್ಯತ್ಯಾಸ ಬಿಟ್ಟು. ಮಾಡಿನ ಬಲಭಾಗಕ್ಕೆ ನೀಲಿ ಟಾರ್ಪಾಲ್ ಹೊದಿಸಿದ್ದರು, ಗಾಳಿಗೆ ಅದರ ಒಂದು ಮೂಲೆ ಪಟಪಟ ಅಂತಿತ್ತು. ಕಾರಿನಿಂದ ಇಳಿದು ರಸ್ತೆಯಲ್ಲೇ ನಿಂತು ಫೋಟೋ ತೆಗೆದೆ. ಅಷ್ಟರಲ್ಲಿ ಬಾಗಿಲು ತೆಗೀತು.

ಐವತ್ತರ ಆಸುಪಾಸಿನ ಹೆಂಗಸು. "ನೀನು ರೂಫಿಂಗ್‌ನವನಾ?" ಅಂತ ಕೇಳಿದಳು.

ಅಲ್ಲ ಅಂದೆ.

"ಹಾಗಾದ್ರೆ ಓನರಾ?"

ಇದಕ್ಕೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ತಡವರಿಸಿ, ಅಲ್ಲ, ನನ್ನ ಗೆಳೆಯನೊಬ್ಬ ಓನರ್, ಅಂದ್ರೆ ಒಂದು ಭಾಗಕ್ಕೆ ಮಾತ್ರ... ಅಂತ ಏನೇನೋ ಹೇಳಿದೆ. ಅವಳಿಗೆ ನನ್ನ ತೊದಲಿಗಿಂತ 'ಓನರ್' ಅನ್ನೋ ಮಾತು ಮುಖ್ಯವಾಯ್ತು. ಬಾ ಒಳಗೆ, ನೋಡು ಅಂದಳು. ನಾನು ಬಾಗಿಲಿನ ಹೊಸ್ತಿಲಲ್ಲೇ ನಿಂತೆ. ಅಲ್ಲಿಂದಲೇ ಕಾಣ್ತಿತ್ತು: ಹಾಲ್‌ನ ಮೂಲೆಯಲ್ಲಿ ಒಂದು ಬಕೆಟ್, ಸೂರಿನ ಮೇಲೆ ಕಂದು ಬಣ್ಣದ ದೊಡ್ಡ ಕಲೆ. ಚಳಿಗಾಲದ ಹಿಮ ಕರಗಿದಾಗಿನಿಂದ ಸೋರ್ತಾ ಇದೆಯಂತೆ. ಏಜೆನ್ಸಿಗೆ ಫೋನ್ ಮಾಡಿದರೆ ಆ ನಂಬರ್ ಈಗಿಲ್ಲ. ಹೊಸ ಏಜೆನ್ಸಿಯವರು ಟಿಕೆಟ್ ನಂಬರ್ ಕೊಟ್ಟಿದ್ದಾರೆ. ಬಾಡಿಗೆ ಮಾತ್ರ ಆ್ಯಪ್‌ನಲ್ಲಿ ತಪ್ಪದೆ ಕಡಿತ ಆಗುತ್ತೆ. ಟಾರ್ಪಾಲ್ ಹಾಕಿದ್ದು ಅವಳ ತಮ್ಮ.

"ಒಟ್ಟು ಎಷ್ಟು ಜನ ಓನರ್‌ಗಳು?" ಅಂತ ಕೇಳಿದಳು.

"ಸರಿಯಾಗಿ ಗೊತ್ತಿಲ್ಲ. ಕೆಲವು ನೂರು ಇರಬಹುದು."

ಅವಳು ನಕ್ಕುಬಿಟ್ಟಳು. ಸಿಟ್ಟಿನ ನಗು ಅಲ್ಲ, ನಿಜವಾಗಲೂ ನಗು ಬಂದಿತ್ತು. "ಅಷ್ಟು ಜನ ಇದ್ದೂ ಒಬ್ಬರ ಹತ್ತಿರನೂ ಏಣಿ ಇಲ್ವಾ?"

ವಾಪಸ್ ಬರುವಾಗ ದಾರಿಯುದ್ದಕ್ಕೂ ಇದೇ ಮಾತು ಕಿವಿಯಲ್ಲಿ.

ಫೋಟೋ ನೋಡಿದ ಗುಂಡನಿಗೆ ಬೇಜಾರಾಯ್ತು. ಅವನು ಒಳ್ಳೇ ಹುಡುಗ, ಸುಮ್ಮನೆ ಕೂರಲಿಲ್ಲ. ಹೂಡಿಕೆದಾರರ ಗ್ರೂಪಿನಲ್ಲಿ ಫೋಟೋ ಹಾಕಿ, ಮಾಡು ರಿಪೇರಿ ಯಾವಾಗ ಅಂತ ಕೇಳಿದ. ಬಂದ ಮೊದಲ ಉತ್ತರ: "ಇದರಿಂದ ಬಾಡಿಗೆ ಪಾಲು ಕಡಿಮೆ ಆಗುತ್ತಾ?" ಎರಡನೆಯದು: "ಫೋಟೋ ಹಾಕಬೇಡಿ, ಟೋಕನ್ ಬೆಲೆ ಬೀಳುತ್ತೆ." ಮಾಡು ಹೊಸದಾಗಿ ಹಾಕೋಕೆ 9,000 ಡಾಲರ್ ಅಂತ ಅಂದಾಜು ಬಂತು. ಇಡೀ ಮನೆಯ ಒಂದು ವರ್ಷದ ಲಾಭಕ್ಕಿಂತ ಹೆಚ್ಚು. ಮತಕ್ಕೆ ಹಾಕಿದರು. ಮತ ಹಾಕಿದವರು ಸಾಲಲಿಲ್ಲ, ಠರಾವು ಬಿದ್ದುಹೋಯ್ತು. 50 ಡಾಲರ್ ಹಾಕಿದವನು ಯಾಕೆ ರಾತ್ರಿ ಎದ್ದು ಕೂತು ಮಾಡಿನ ಬಗ್ಗೆ ಓದ್ತಾನೆ ಹೇಳಿ? ಅವನ ಪಾಲಿಗೆ ಬರೋ ಖರ್ಚು ಐದು ಡಾಲರ್ ಚಿಲ್ಲರೆ, ಅವನ ಪಾಲಿಗೆ ಬರೋ ಹೊಣೆಯೂ ಅಷ್ಟೇ ಚಿಲ್ಲರೆ.

ಇಂಜಿನಿಯರ್ ಆಗಿ ನನಗೆ ಬ್ಲಾಕ್‌ಚೈನ್ ಮೇಲೆ ಕೋಪ ಇಲ್ಲ. ಅದು ಹೇಳಿದ ಕೆಲಸ ಸರಿಯಾಗೇ ಮಾಡುತ್ತೆ. ಒಂದೇ ಟೋಕನ್ ಇಬ್ಬರಿಗೆ ಮಾರೋಕಾಗಲ್ಲ. ಹಳೇ ಲೆಕ್ಕ ತಿದ್ದೋಕಾಗಲ್ಲ. ಒಂದು ಡಾಲರ್ ಹದಿನೈದು ಸೆಂಟನ್ನ ಡೆಟ್ರಾಯಿಟ್‌ನಿಂದ ಜರ್ಮನಿಗೆ ವಾರವಾರ ಕಳಿಸೋದು ಬ್ಯಾಂಕಿನವರ ಕೈಲಿ ಆಗೋ ಕೆಲಸವಾ? ಆದರೆ ಚೈನ್‌ಗೆ ಕಣ್ಣಿಲ್ಲ. ಮಾಡು ಸೋರ್ತಿದೆಯಾ, ಬಾಡಿಗೆದಾರಳು ಇದ್ದಾಳಾ, ತೆರಿಗೆ ಕಟ್ಟಿದಾರಾ, ಇದ್ಯಾವುದೂ ಅದಕ್ಕೆ ತಾನಾಗೇ ಗೊತ್ತಾಗಲ್ಲ. ಯಾರೋ ಹೊರಗಿನಿಂದ ಹೇಳಬೇಕು. ಆ ಯಾರೋ ಸುಳ್ಳು ಹೇಳಿದರೆ, ಇಲ್ಲವೇ ಏನೂ ಹೇಳದೇ ಇದ್ದರೆ, ಚೈನ್ ಅದನ್ನೂ ಅಷ್ಟೇ ನಿಷ್ಠೆಯಿಂದ ಕಾಪಾಡುತ್ತೆ. 'ಯಾರನ್ನೂ ನಂಬಬೇಕಾಗಿಲ್ಲ' ಅನ್ನೋದು ಬ್ಲಾಕ್‌ಚೈನ್‌ನ ದೊಡ್ಡ ಮಾತು. ಮನೆ ವಿಷಯಕ್ಕೆ ಬಂದ್ರೆ ಕಂಪನಿಯನ್ನ ನಂಬಬೇಕು, ಏಜೆನ್ಸಿಯನ್ನ ನಂಬಬೇಕು, ಏಣಿ ಹತ್ತೋ ಮನುಷ್ಯನನ್ನೂ ನಂಬಬೇಕು.

ಇಷ್ಟು ಹೇಳಿ ಮುಗಿಸಿದ್ರೆ ನಾನು ಬಹಳ ಬುದ್ಧಿವಂತ ಅನ್ನಿಸಿಕೊಳ್ತಿದ್ದೆ. ಆದ್ರೆ ಅದೇ ಏಪ್ರಿಲ್‌ನಲ್ಲಿ ನನ್ನ ಫೋನಿನಲ್ಲಿ ಇನ್ನೊಂದು ಮಾಡಿನ ಫೋಟೋ ಇತ್ತು. ಅದನ್ನೂ ಹೇಳಬೇಕು.

ತೀರ್ಥಹಳ್ಳಿ ಹತ್ತಿರ ನಮ್ಮ ಅಜ್ಜನ ಹೆಂಚಿನ ಮನೆ ಇದೆ. ಅಜ್ಜ ಹೋದಮೇಲೆ ಪಾಲಾಗಿಲ್ಲ. ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ, ಇಬ್ಬರು ಅತ್ತೆಯರು, ಐದು ಪಾಲು. ಅಲ್ಲಿ ವಾಸ ಇರೋದು ಚಿಕ್ಕಪ್ಪ, ಚಿಕ್ಕಮ್ಮ ಮಾತ್ರ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಹೆಂಚು ಕೈಯಾಡಿಸೋದು ಚಿಕ್ಕಪ್ಪನ ಕೆಲಸ. ಆ ವರ್ಷ ಹತ್ತಿ ನೋಡಿದರೆ ಪಕಾಸು, ರೀಪು ಎಲ್ಲ ಗೆದ್ದಲು ತಿಂದು ಟೊಳ್ಳಾಗಿದ್ದವಂತೆ. ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕಿ, ಒಂದು ಲಕ್ಷ ಎಂಬತ್ತು ಸಾವಿರ ಬೇಕು, ಒಂದೊಂದು ಪಾಲಿಗೆ 36 ಸಾವಿರ ಅಂತ ಬರೆದಿದ್ದರು.

ಎಲ್ಲರೂ ನೋಡಿದ್ದರು. ಯಾರೂ ಉತ್ತರ ಬರೆದಿರಲಿಲ್ಲ. ಎರಡು ದಿನ ಆದಮೇಲೆ ಒಬ್ಬ ಅತ್ತೆ ಯಾವುದೋ ಹಬ್ಬದ ಶುಭಾಶಯ ಹಾಕಿದರು, ಫೋಟೋ ಮೇಲೆ ಹೋಗಿ ಮರೆಯಾಯ್ತು. ಅಪ್ಪನನ್ನ ಕೇಳಿದರೆ "ಉಳಿದವರು ಏನ್ ಹೇಳ್ತಾರೆ ನೋಡೋಣ" ಅಂದರು. ಉಳಿದವರೂ ಅದನ್ನೇ ಹೇಳಿರಬೇಕು. ನಾನೂ ಅಷ್ಟೇ, ನೋಡಿ ಸುಮ್ಮನಿದ್ದೆ. ನನ್ನದೇನು ಅದರಲ್ಲಿ, ಅಪ್ಪನ ಪಾಲು ತಾನೇ, ಅದರಲ್ಲೂ ನಾಳೆ ತಂಗಿಗೂ ನನಗೂ ಅರ್ಧರ್ಧ, ಅಂದ್ರೆ ಹತ್ತರಲ್ಲೊಂದು... ಹೀಗೆ ಲೆಕ್ಕ ಹಾಕ್ತಾ ಇದ್ದವನು, ಡೆಟ್ರಾಯಿಟ್‌ನಿಂದ ಬಂದ ಆ ರಾತ್ರಿ, ನಾನೂ ಗುಂಡನ ಗ್ರೂಪಿನ ಯಾವುದೋ ವಿಳಾಸ ಅಂತ ಹೊಳೆದು ನಾಚಿಕೆ ಆಯ್ತು.

ನಮ್ಮಲ್ಲಿ ಪಾಲು ಹಂಚೋಕೆ ಯಾವ ಚೈನೂ ಬೇಕಾಗಿರಲಿಲ್ಲ ನೋಡಿ. ಒಂದು ಪಹಣಿಯಲ್ಲಿ ಹನ್ನೊಂದು ಹೆಸರು ಇರೋದನ್ನ ನೀವೂ ನಿಮ್ಮ ಊರಲ್ಲಿ ನೋಡಿರ್ತೀರ. ಒಡೆತನವನ್ನ ಎಷ್ಟು ಚೂರು ಬೇಕಾದರೂ ಮಾಡಬಹುದು, ಪ್ರತಿ ಚೂರೂ ನಿಜವಾದ ಚೂರೇ. ಹೊಣೆಯನ್ನ ಹಾಗೆ ಚೂರು ಮಾಡಿದರೆ ಯಾರ ಕೈಗೂ ಏನೂ ಸಿಗಲ್ಲ. ಅದು ಕೊನೆಗೆ ಆ ಮನೆಯೊಳಗೆ ಮಲಗೋವ್ರ ತಲೆ ಮೇಲೇ ತೊಟ್ಟಿಕ್ಕೋದು.

ಮುಂದೆ ಏನಾಯ್ತು ಅಂತ ಬೇಗ ಹೇಳಿಬಿಡ್ತೀನಿ. ಆ ಜುಲೈಯಲ್ಲಿ ಡೆಟ್ರಾಯಿಟ್ ನಗರವೇ ರಿಯಲ್‌ಟಿ ಅನ್ನೋ ಟೋಕನ್ ಕಂಪನಿ ಮೇಲೆ ಕೋರ್ಟಿಗೆ ಹೋಯ್ತು. (ಗುಂಡನ ಮನೆ ಅವರದ್ದಲ್ಲ, ಬೇರೆಯವರದ್ದು. ಆ ಹೆಸರು ಬರೆಯಲ್ಲ.) 400ಕ್ಕೂ ಹೆಚ್ಚು ಆಸ್ತಿಗಳು, ಅವುಗಳ ಹಿಂದೆ ನೂರಕ್ಕೂ ಹೆಚ್ಚು ಪುಟ್ಟ ಕಂಪನಿಗಳು. ಮನೆಗಳನ್ನ ಸರಿಯಾಗಿ ಇಟ್ಟುಕೊಂಡಿಲ್ಲ, ಬಾಡಿಗೆಗೆ ಕೊಡೋಕೆ ನಗರದಿಂದ ಪಡೆಯಬೇಕಾದ ಸರ್ಟಿಫಿಕೇಟ್ ಇಲ್ಲ ಅನ್ನೋದು ನಗರದ ಆರೋಪ. ಆರೋಪ ಅಂದ್ರೆ ತೀರ್ಪಲ್ಲ, ಅದು ನೆನಪಿರಲಿ. ನನಗೆ ಮುಖ್ಯ ಅನ್ನಿಸಿದ್ದು, ನಗರದವರು ಕೋರ್ಟಿಗೆ ಎಳೆದಿದ್ದು ಕಂಪನಿಯನ್ನ, ಅದರ ಎಲ್‌ಎಲ್‌ಸಿಗಳನ್ನ, ಸ್ಥಾಪಕರನ್ನ. ಸಾವಿರಾರು ಟೋಕನ್‌ದಾರರ ಮನೆ ಬಾಗಿಲಿಗೆ ಹೋಗಲಿಲ್ಲ. ಕಾನೂನಿಗೂ ಒಂದು ಬಾಗಿಲು, ತಟ್ಟೋಕೆ ಒಬ್ಬ ಮನುಷ್ಯ ಬೇಕು.

ಇನ್ನು ಗುಂಡನ ದುಬೈ ಪ್ರಶ್ನೆ. ದುಬೈಯಲ್ಲಿ 2025ರಲ್ಲಿ ಶುರುವಾದ ವ್ಯವಸ್ಥೆ ಒಂದು ವಿಷಯದಲ್ಲಿ ನಿಜಕ್ಕೂ ಬೇರೆ. ಅಲ್ಲಿ ಭೂ ಇಲಾಖೆಯೇ ಹಕ್ಕುಪತ್ರವನ್ನ ಚೈನ್‌ಗೆ ಜೋಡಿಸಿದೆ. ಕನಿಷ್ಠ 2,000 ದಿರ್ಹಾಂನಿಂದ ಪಾಲು ಕೊಳ್ಳಬಹುದು. ಮೊದಲ ಹಂತದಲ್ಲಿ ಎಮಿರೇಟ್ಸ್ ಐಡಿ ಇದ್ದವರಿಗೆ ಮಾತ್ರ ಅವಕಾಶ ಇತ್ತು. ಸರ್ಕಾರದ ಪುಸ್ತಕ, ಚೈನ್ ಎರಡೂ ಒಂದೇ ಮಾತು ಹೇಳೋದು ದೊಡ್ಡ ವಿಷಯವೇ. ಇಂಡಿಯಾದಲ್ಲಿ ನೂರು ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿ ಮಾರಾಟಕ್ಕೆ ನೋಂದಣಿ ಬೇಕು ಅಂತ 1908ರ ಕಾಯ್ದೆಯೇ ಹೇಳುತ್ತೆ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗದೆ ಬರೀ ಟೋಕನ್ ಕೈ ಬದಲಾದರೆ ನೆಲ ಕೈ ಬದಲಾಗಲ್ಲ. ಅಲ್ಲಿ ಪಾಲುಗಾರಿಕೆಗೆ ಬೇರೆ ದಾರಿ ಮಾಡಿದ್ದಾರೆ. 2024ರ ಮಾರ್ಚ್‌ನಲ್ಲಿ ಸೆಬಿ 'ಎಸ್‌ಎಂ ರೀಟ್' ಅಂತ ನಿಯಮ ತಂತು: 50 ಕೋಟಿಯಿಂದ 500 ಕೋಟಿವರೆಗಿನ ಆಸ್ತಿ, ಕಡೇ ಪಕ್ಷ 200 ಹೂಡಿಕೆದಾರರು, ಹೊಸದಾಗಿ ಹೊರಡಿಸೋವಾಗ ಒಂದು ಯೂನಿಟ್‌ಗೆ ಕನಿಷ್ಠ ಹತ್ತು ಲಕ್ಷ ರೂಪಾಯಿ. ಈ ನಿಯಮದಡಿ ಬಂದ ಮೊದಲನೇದು ಪ್ರಾಪ್‌ಶೇರ್ ಪ್ಲಾಟಿನಾ, 2024ರ ಡಿಸೆಂಬರ್‌ನಲ್ಲಿ. ಅದರ ಕಟ್ಟಡ ಇರೋದು ನಮ್ಮ ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲೇ! ಅದರಲ್ಲಿ ಬ್ಲಾಕ್‌ಚೈನ್ ಇಲ್ಲ, ಷೇರಿನ ಹಾಗೆ ಡಿಮ್ಯಾಟ್. ಲೆಕ್ಕ ಕೇಳೋಕೆ ಸೆಬಿ ಅಂತ ಒಂದಿದೆ. ಲಾಭ ಆಗುತ್ತೆ ಅಂತ ನಾನು ಹೇಳ್ತಿಲ್ಲ, ನನ್ನ ಹತ್ತಿರ ಹತ್ತು ಲಕ್ಷವೂ ಇಲ್ಲ.

ಹಾಗಾಗಿ ಗುಂಡಾ, ನನ್ನ ಉತ್ತರ ಇಷ್ಟೇ. ಚೈನ್ ಯಾವುದು, ನೂರಕ್ಕೆ ಎಷ್ಟು ಅಂತ ಆಮೇಲೆ ಕೇಳು. ಮೊದಲು ಮಾಡು ಸೋರಿದರೆ ಯಾರಿಗೆ ಫೋನ್ ಹೋಗುತ್ತೆ, ಅವನು ಎತ್ತಲಿಲ್ಲ ಅಂದ್ರೆ ಅವನನ್ನ ಯಾರು ಕೇಳ್ತಾರೆ ಅಂತ ಕೇಳು. ಅದಕ್ಕೆ ಒಂದು ಹೆಸರು ಸಿಕ್ಕರೆ ಆಮೇಲೆ ಮಾತಾಡೋಣ.

ಚಿಕ್ಕಪ್ಪನಿಗೆ ಮರುದಿನವೇ ಫೋನ್ ಮಾಡಿದೆ. ಅಪ್ಪನ ಪಾಲಿನ 36 ಸಾವಿರ ನಾನು ಕಳಿಸ್ತೀನಿ ಅಂದೆ, ಗ್ರೂಪಿನಲ್ಲೂ ಬರೆದೆ. ದೊಡ್ಡತ್ತೆ ಅದೇ ದಿನ ಕಳಿಸಿದರು. ದೊಡ್ಡಪ್ಪ ಮೇ ಕೊನೆಗೆ. ಚಿಕ್ಕತ್ತೆಯದ್ದು ಇನ್ನೂ ಬಂದಿಲ್ಲ, ಅದರ ಬಗ್ಗೆ ಮಾತಾಡೋದು ಬೇಡ ಅಂತ ಚಿಕ್ಕಪ್ಪನೇ ಹೇಳಿದ್ದಾರೆ. ಮಳೆ ಹಿಡಿಯೋ ಮುಂಚೆ ಮಾಡು ಆಯ್ತು. "ಅಲ್ಲಾ ಮಾರಾಯಾ, ಅಮೆರಿಕದಲ್ಲಿ ಕೂತು ನಿನಗೆ ಈ ಹೆಂಚಿನ ನೆನಪು ಎಲ್ಲಿಂದ ಬಂತು?" ಅಂತ ಚಿಕ್ಕಪ್ಪ ಕೇಳಿದರು. ನೀಲಿ ಟಾರ್ಪಾಲಿನ ಕಥೆ ಅವರಿಗೆ ಹೇಗೆ ಹೇಳಲಿ? ಸುಮ್ಮನೆ ನಕ್ಕೆ.

ಅಕ್ಟೋಬರ್‌ನಲ್ಲಿ ಆ ಬೀದಿಯ ಕಡೆ ಇನ್ನೊಮ್ಮೆ ಹೋಗಿದ್ದೆ. ಟಾರ್ಪಾಲ್ ಇರಲಿಲ್ಲ, ಆ ಜಾಗಕ್ಕೆ ಕಪ್ಪು ಶೀಟಿನ ತೇಪೆ ಬಿದ್ದಿತ್ತು. ಕಿಟಕಿಗೆ ಬೇರೆ ಪರದೆ, ಜಗಲಿಯಲ್ಲಿ ಮಕ್ಕಳ ಸೈಕಲ್. ಅವಳು ಎಲ್ಲಿಗೆ ಹೋದಳೋ ಗೊತ್ತಿಲ್ಲ. ಗುಂಡನನ್ನ ಕೇಳಿದೆ. ವ್ಯಾಲೆಟ್ ತೆಗೆದು ನೋಡಿ ಹೇಳಿದ, ಬಾಡಿಗೆ ಎರಡು ತಿಂಗಳು ನಿಂತಿತ್ತು, ಈಗ ಮತ್ತೆ ಬರ್ತಿದೆ ಕಣೋ ಅಂತ. ಚೈನ್‌ನಲ್ಲಿ ಅಷ್ಟೇ ಬರೆದಿರೋದು.

ನಿಮ್ಮೂರಲ್ಲೂ ಇಂಥ ಪಾಲಿನ ಮನೆ ಇದ್ದರೆ, ಏಣಿ ಯಾರ ಹತ್ತಿರ ಇದೆ ಅಂತ ಕಾಮೆಂಟಲ್ಲಿ ಬರೀರಿ. ಹಿಮ ತೆಗೆಯೋಕೆ ಹೋಗ್ಬೇಕು, ಮತ್ತೆ ಸಿಗೋಣ.